ಕಾಜಾಣ ಕಲಿತ ಸೀಟಿ

ನಮ್ಮವರ ಕಿವಿ ಕೈಕೊಡುತ್ತಿದೆ ಎಂದು ನನಗೆ ಗೊತ್ತಾದದ್ದು ಥರ್ಮಾಮೀಟರಿನಿಂದ. ನನಗೆ ಜ್ವರ ಬಂದಿತ್ತು. ಕಂಕುಳಲ್ಲಿಟ್ಟ ಥರ್ಮಾಮೀಟರು ಪೀಪೀ ಎಂದು ಬಡಿದುಕೊಳ್ಳುತ್ತಿದ್ದರೂ ಇವರು ಮಂಚದ ಪಕ್ಕ ಕುಳಿತು, "ಇನ್ನೂ ಆಗಿಲ್ವಾ? ಬ್ಯಾಟರಿ ಹೋಗಿರ್ಬೇಕು" ಎಂದರು. ನಾನು ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಪೂರ್ತಿ ಕಿವುಡೇನಲ್ಲ. ಮಾತು ಕೇಳಿಸುತ್ತದೆ, ಲಾರಿಯ ಹಾರನ್ನು ಕೇಳಿಸುತ್ತದೆ, ನಾನು ಅಡುಗೆಮನೆಯಲ್ಲಿ ಗೊಣಗಿದ್ದಂತೂ ಗೋಡೆಯಾಚೆಯಿಂದಲೇ ಕೇಳಿಸುತ್ತದೆ. ಹೋಗಿದ್ದು ಮೇಲಿನ ದನಿ ಮಾತ್ರ. ಕೀಚಲು ಕೂಗು, ಸೀಟಿ, ಸೊಳ್ಳೆಯ ಗುಂಯ್. ಬೇರೆಯವರಾಗಿದ್ದರೆ ಸೊಳ್ಳೆ ಕಾಟ ತಪ್ಪಿತೆಂದು ಖುಷಿಪಡುತ್ತಿದ್ದರು. ಆದರೆ ಇವರ ಹೊಟ್ಟೆಪಾಡು ಹಕ್ಕಿ ತೋರಿಸುವುದು. ಶನಿವಾರ ಮಧ್ಯಾಹ್ನ ನಾಲ್ಕೈದು ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಜೌಗಿನ ಅಂಚಿನಲ್ಲಿರುವ ನಮ್ಮ ಮನೆಗೆ ಕರೆತರುತ್ತಾರೆ. ಸಂಜೆ ಒಂದು ಸಣ್ಣ ಸುತ್ತು, ಭಾನುವಾರ ಬೆಳಿಗ್ಗೆ ದೊಡ್ಡ ಸುತ್ತು. ಜೊಂಡಿನೊಳಗಿನ ಹಕ್ಕಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳಬೇಕು. ಕಿವಿಯಿಲ್ಲದ ಗೈಡು ನಾಲಿಗೆಯಿಲ್ಲದ ಅಡುಗೆಯವನ ಹಾಗೆ.

"ಬಿಟ್ಬಿಡಿ" ಎಂದೆ. "ಬಿಟ್ಟು ಏನ್ಮಾಡ್ಲಿ? ಮೀನು ಮಾರ್ಲಾ?" ಎಂದರು. ಜಗಳವಾಯಿತು, ನಾನು ಸೋತೆ. ಅಂದಿನಿಂದ ನಾನೇ ಅವರ ಕಿವಿಯಾದೆ. ಸಾಲಿನಲ್ಲಿ ಮುಂದೆ ಅವರು, ಕೊನೆಯಲ್ಲಿ ನಾನು. ಕೊನೆಯವಳ ಕೆಲಸ ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳುವುದು. ಹಕ್ಕಿಯ ದನಿ ಕೇಳಿಸಿದರೆ ನೀರಿನ ಬಾಟಲಿ ಕೊಡುವ ನೆಪದಲ್ಲಿ ಮುಂದೆ ಹೋಗಿ, ಯಾವ ಕಡೆಯಿಂದ ಬಂತೋ ಆ ಭುಜ ಮುಟ್ಟಿ, ಹಕ್ಕಿಯ ಹೆಸರು ಪಿಸುಗುಟ್ಟುತ್ತಿದ್ದೆ. ಇವರು ಒಂದು ಗುಟುಕು ನೀರು ಕುಡಿದು, ಕೈಯೆತ್ತಿ, "ಶ್! ಎಡಗಡೆ" ಎನ್ನುತ್ತಿದ್ದರು. ಬಂದವರೆಲ್ಲ ಬೆರಗಾಗುತ್ತಿದ್ದರು. "ಏನ್ ಕಿವಿ ಸಾರ್ ನಿಮ್ದು!" ಎಂದು ಒಬ್ಬರು ಇವರ ಕಾಲು ಮುಟ್ಟುವುದೊಂದು ಬಾಕಿಯಿತ್ತು. ಮಾಡಿದ್ದು ನಾನು, ಹೆಸರು ಅವರಿಗೆ. ಸಂಸಾರದಲ್ಲಿ ಅದೇನು ಹೊಸದಲ್ಲ.

ಆ ಜೌಗು ನೋಡಲು ಹಸಿರು ಹಾಸಿಗೆ. ನಡುವೆ ಎತ್ತರಿಸಿದ ಮಣ್ಣಿನ ದಾರಿಯೊಂದಿದೆ, ಇಬ್ಬರು ಪಕ್ಕ ಪಕ್ಕ ನಡೆಯಲಾಗದಷ್ಟು ಇಕ್ಕಟ್ಟು. ಎರಡೂ ಕಡೆ ಕಾಣುವ ಹುಲ್ಲು ನೆಲದಲ್ಲಿ ಬೇರೂರಿದ್ದಲ್ಲ, ನೀರಿನ ಮೇಲೆ ತೇಲುವಂಥದ್ದು. ಹೊಸಬರು ಬಂದಾಗಲೆಲ್ಲ ಇವರು ಉದ್ದ ಕೋಲೊಂದನ್ನು ಹುಲ್ಲಿನೊಳಗೆ ಚುಚ್ಚಿ ತೋರಿಸುತ್ತಾರೆ. ಕೋಲು ಎಲ್ಲೂ ತಡೆಯದೆ ಇಳಿಯುತ್ತಾ ಹೋಗಿ ಕೊನೆಗೆ ಇವರ ಮುಷ್ಟಿ ಒದ್ದೆಯಾಗುತ್ತದೆ. ಆಮೇಲೆ ಯಾರಿಗೂ ಹೆಚ್ಚು ಹೇಳಬೇಕಾಗುವುದಿಲ್ಲ. ಫೋನುಗಳನ್ನು ಮನೆಯ ಬುಟ್ಟಿಯಲ್ಲಿ ಬಿಟ್ಟು, ಒಬ್ಬೊಬ್ಬರೂ ಒಂದು ಸ್ಟೀಲಿನ ಸೀಟಿಯನ್ನು ಕೊರಳಿಗೆ ಹಾಕಿಕೊಳ್ಳಬೇಕು. ಕೂಗಿದರೆ ಹಕ್ಕಿಗಳೆಲ್ಲ ಹಾರಿಹೋಗುತ್ತವೆ, ಅದಕ್ಕೆ ಕೂಗುವ ಹಾಗಿಲ್ಲ. ಗೈಡು ಮೂರು ಸಲ ಊದಿದರೆ ಎಲ್ಲರೂ ಆ ದನಿಯ ಕಡೆ ಬರಬೇಕು. ದಾರಿ ತಪ್ಪಿದವರೂ ಮೂರು ಸಲ ಊದಬೇಕು. ಇಷ್ಟೇ ನಿಯಮ.

ಹೋದ ವರ್ಷ ಒಂದು ಬೆಳಿಗ್ಗೆ ಎಲ್ಲರೂ ಊಟದ ಮೇಜಿನ ಸುತ್ತ ಕುಳಿತು ಕಾಫಿ ಕುಡಿಯುತ್ತಿದ್ದಾಗ ಹೊರಗೆ ಮೂರು ಸೀಟಿ ಕೇಳಿಸಿತು. ನಾನು ತಲೆಗಳನ್ನು ಎಣಿಸಿದೆ. ಎಲ್ಲರೂ ಇದ್ದರು. ಬಾಗಿಲ ಹಿಂದಿನ ಮೊಳೆಗಳನ್ನು ನೋಡಿದೆ. ಸೀಟಿಗಳೂ ಎಲ್ಲಾ ಇದ್ದವು. ಹೊರಗೆ ಜೌಗಿನಲ್ಲಿ ಒಣಗಿ ನಿಂತ ಮರದ ಮೇಲೆ ಕಾಜಾಣವೊಂದು ಕುಳಿತಿತ್ತು. ಕರೀ ಹಕ್ಕಿ, ಸೀಳು ಬಾಲ. ಕಂಡ ದನಿಗಳನ್ನೆಲ್ಲ ಅಣಕಿಸುವುದು ಅದರ ಕಸುಬು. ಗಂಟಲುಬ್ಬಿಸಿ ಇನ್ನೊಮ್ಮೆ ಊದಿತು. ಮೂರು, ನಮ್ಮ ಹಾಗೆಯೇ.

ಬುದ್ಧಿಯಿರುವವರು ಅಂದೇ ಸೀಟಿ ಬದಲಾಯಿಸುತ್ತಿದ್ದರು. ಹಕ್ಕಿ ಹುಚ್ಚರು ಹಾಗಲ್ಲ. ಇವರು ಕುಣಿದಾಡಿಬಿಟ್ಟರು. ಪ್ರತಿ ಶನಿವಾರ ಸಂಜೆ ಅದೇ ಆಟ. ಇವರು ಮೂರು ಸಲ ಊದುವುದು, ಹಕ್ಕಿ ಮೂರು ಸಲ ತಿರುಗಿ ಊದುವುದು, ಬಂದವರು ಚಪ್ಪಾಳೆ ಹೊಡೆಯುವುದು. ಅದನ್ನು ನೋಡಲೆಂದೇ ಜನ ಬರತೊಡಗಿದರು.

"ಸೀಟಿ ಬದಲಾಯ್ಸಿ ಅಂದ್ನಲ್ಲ. ಅದ್ರ ಬದ್ಲು ಬಾರಿಸೋ ಗಂಟೆನಾದ್ರೂ ಇಟ್ಕೊಳ್ಳಿ" ಎಂದು ನಾನು ಗೋಗರೆದೆ.

"ಅದು ನಮ್ಮ ಅಂಗಡಿ ಬೋರ್ಡು ಕಣೇ. ಯಾರಾದ್ರೂ ಬೋರ್ಡು ಕಿತ್ತು ಹಾಕ್ತಾರಾ?"

ಈ ಸಲ ಬಂದವರು ಮೂವರು: ಹಲ್ಲಿನ ಡಾಕ್ಟರು, ಅವರ ಹೆಂಡತಿ, ಮತ್ತು ತಮಗಿಂತ ಭಾರದ ಕ್ಯಾಮೆರಾ ಹೊತ್ತ ಒಬ್ಬರು ನಿವೃತ್ತರು. ಅವರನ್ನು ನಾನು ಮನಸ್ಸಿನಲ್ಲೇ ಲೆನ್ಸಪ್ಪ ಎಂದು ಕರೆದೆ. ನಾಲ್ಕನೆಯವಳು ನನ್ನ ಅಕ್ಕ. ಮನೆಯಲ್ಲಿ ಎಲ್ಲರೂ ಅವಳನ್ನು ರೇಡಿಯೋ ಅನ್ನುವುದು. ಬಾಯಿ ಮುಚ್ಚಲಾರದ ಹೆಂಗಸು, ಹಾಗಾಗಿ ಇಷ್ಟು ವರ್ಷ ಅವಳನ್ನು ಜೌಗಿಗೆ ಕರೆದೊಯ್ದಿರಲಿಲ್ಲ. ಆ ವಾರ ನೆಗಡಿ ಬಂದು ಗಂಟಲು ಪೂರ್ತಿ ಕಟ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ.

"ಅತ್ತಿಗೆ, ಇಂಥ ಅವಕಾಶ ಮತ್ತೆ ಸಿಗಲ್ಲ. ಬನ್ನಿ, ಹಕ್ಕಿ ತೋರಿಸ್ತೀನಿ" ಎಂದು ಇವರು ನಕ್ಕರು. ಅಕ್ಕ ಇವರ ಬೆನ್ನಿಗೊಂದು ಗುದ್ದಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, "ನಿನ್ನ ಗಂಡಂಗೆ ಹೇಳು, ಗಂಟಲು ಬರ್ಲಿ, ಆಮೇಲಿದೆ" ಎಂದಳು. ಚಿಕ್ಕಂದಿನಲ್ಲಿ ನನಗೆ ಜಡೆ ಹಾಕಿ, ನನ್ನ ಪರವಾಗಿ ಬೀದಿಯವರೊಂದಿಗೆಲ್ಲ ಜಗಳವಾಡಿ ಬೆಳೆಸಿದವಳು ಅವಳು. ಅವಳಿಗೆ ಬೂಟು ಹುಡುಕಿ ಕೊಡುವಾಗ ನನಗೆ ಎಂಥದೋ ಸಂಭ್ರಮ.

ಭಾನುವಾರ ಬೆಳಿಗ್ಗೆ ನಾವು ಹೊರಟಾಗ ತೆಳ್ಳಗೆ ಮಂಜಿತ್ತು. ಅರ್ಧ ದಾರಿ ಕಳೆಯುವಷ್ಟರಲ್ಲಿ ದಟ್ಟವಾಯಿತು. ಮೊದಲು ದೂರದ ಮರಗಳು ಹೋದವು, ಆಮೇಲೆ ಹತ್ತಿರದ ಜೊಂಡು, ಕೊನೆಗೆ ಸಾಲಿನ ಮುಂದಿದ್ದ ನಮ್ಮವರು. ನನ್ನ ಮುಂದೆ ಅಕ್ಕ, ಅವಳ ಮುಂದೆ ಲೆನ್ಸಪ್ಪ, ಅಷ್ಟೇ ಕಾಣುತ್ತಿದ್ದದ್ದು. ಬೂಟುಗಳ ಪಚಪಚ ಬಿಟ್ಟರೆ ಸದ್ದಿಲ್ಲ. ವಾಪಸ್ ಹೋಗೋಣ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಲಗಡೆ ಜೊಂಡಿನೊಳಗೆ ಉಲಿಯಕ್ಕಿಯೊಂದು ಸಣ್ಣಗೆ ಕೂಗಿತು. ನಾನು ಬಾಟಲಿ ತೆಗೆದುಕೊಂಡು ಒಬ್ಬೊಬ್ಬರ ಪಕ್ಕ ಸರಿದು ಮುಂದೆ ಹೋದೆ. ಅಕ್ಕನನ್ನು ದಾಟುವಾಗ ಅವಳು ಬಗ್ಗಿ ಬೂಟಿನೊಳಗಿಂದ ಏನೋ ಕಲ್ಲು ತೆಗೆಯುತ್ತಿದ್ದಳು.

"ತಕ್ಷಣ ಬಾ" ಎಂದೆ. ಅವಳು ತಲೆಯೆತ್ತದೆ ಕೈ ಬೀಸಿದಳು.

ಇವರ ಭುಜ ಮುಟ್ಟಿದೆ. ಇವರು ನೀರು ಕುಡಿದು, "ಶ್! ಬಲಗಡೆ" ಎಂದರು. ಡಾಕ್ಟರ ಹೆಂಡತಿ ದುರ್ಬೀನು ಏರಿಸಿದರು, ಆದರೆ ಮಂಜಿನಲ್ಲಿ ಏನು ತಾನೆ ಕಂಡೀತು. ಆಗ ನಮ್ಮ ಹಿಂದೆ ಎಲ್ಲೋ ಮೂರು ಸೀಟಿ ಕೇಳಿಸಿತು. ತಿರುಗಿದೆ. ಲೆನ್ಸಪ್ಪನ ಹಿಂದೆ ಯಾರೂ ಇರಲಿಲ್ಲ.

ಅವಳು ಬಗ್ಗಿದ್ದ ಜಾಗಕ್ಕೆ ಓಡಿದೆವು. ಮಣ್ಣಿನಲ್ಲಿ ಅವಳ ಬೂಟಿನ ಗುರುತಿತ್ತು. ಎರಡು ಹೆಜ್ಜೆ ನಮ್ಮ ಕಡೆ ಬಂದು, ಅಲ್ಲಿಂದ ಗುರುತು ಹುಲ್ಲಿನ ಕಡೆ ತಿರುಗಿತ್ತು. ನನಗೆ ಎಲ್ಲಾ ಅರ್ಥವಾಯಿತು. ಮಂಜಿನಿಂದ ಸೀಟಿ ಬಂದಿದೆ, ಗೈಡು ಕರೆಯುತ್ತಿದ್ದಾರೆ, ದಾರಿ ಅತ್ತಲೇ ತಿರುಗಿದೆ ಎಂದುಕೊಂಡು, ನಾವು ಹೇಳಿಕೊಟ್ಟ ಹಾಗೆಯೇ ಅವಳು ದನಿಯ ಕಡೆ ನಡೆದಿದ್ದಾಳೆ. ಹುಲ್ಲು ಅಲ್ಲೆಲ್ಲ ಬಗ್ಗಿ ಮತ್ತೆ ಎದ್ದು ನಿಂತಿತ್ತು. ಮುಂದೆ ಹೆಜ್ಜೆಯ ಗುರುತು ಉಳಿಯುವಂಥ ನೆಲವಿರಲಿಲ್ಲ.

ಮತ್ತೆ ಸೀಟಿ ಕೇಳಿಸಿತು. ಈ ಸಲ ಎರಡು ಕಡೆಯಿಂದ. ಆ ಹುಲ್ಲಿಗೆ ಮುಖ ಮಾಡಿ ನಿಂತ ನಮ್ಮ ಎಡಗಡೆಯಿಂದ ಮೂರು, ಬಲಗಡೆಯಿಂದ ಮೂರು.

"ಒಂದು ಆ ಹಕ್ಕಿ" ಎಂದು ಲೆನ್ಸಪ್ಪ ಪಿಸುಗುಟ್ಟಿದರು. "ಯಾವ್ದು ಸಾರ್? ನಿಮಗೆ ಗೊತ್ತಾಗತ್ತಲ್ಲ, ಬೇಗ ಹೇಳಿ."

ಎಲ್ಲರೂ ನಮ್ಮವರ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು. ಆ ನೋಟ ನನಗೆ ಈಗಲೂ ಊಟ ಸೇರಗೊಡುವುದಿಲ್ಲ.

"ಹೇಳಿ ಸಾರ್!" ಎಂದು ಡಾಕ್ಟರು ತೋಳು ಹಿಡಿದು ಅಲುಗಿಸಿದರು.

"ನಂಗೆ ಕೇಳಿಸಲ್ಲ" ಎಂದರು ಇವರು. "ಸೀಟಿ ಕೇಳಿಸಲ್ಲ. ಎಷ್ಟೋ ದಿನ ಆಯ್ತು. ಆ ಹಕ್ಕಿ ದನೀನ ನಾನು ಒಂದ್ಸಲಾನೂ ಕೇಳಿಲ್ಲ."

ಚಪ್ಪಾಳೆ ಬಿದ್ದ ಅಷ್ಟೂ ಶನಿವಾರ ಇವರು ನೋಡುತ್ತಿದ್ದದ್ದು ಹಕ್ಕಿಯ ಗಂಟಲು ಉಬ್ಬುವುದನ್ನು ಮಾತ್ರ. ಒಳ್ಳೆಯ ಕಿವಿ ಇದ್ದ ಕಾಲದಲ್ಲಿ ಯಾವ ಹಕ್ಕಿ ಯಾವುದನ್ನು ಅಣಕಿಸುತ್ತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಮನುಷ್ಯ. ಆಗಿನ ಕಾಲವಾಗಿದ್ದರೆ ನಕಲು ಯಾವುದು, ಅಸಲು ಯಾವುದು ಎಂದು ಕ್ಷಣದಲ್ಲಿ ಹೇಳಿಬಿಡುತ್ತಿದ್ದರು. ನನಗೆ ಇವರು ಕಲಿಸಿದಷ್ಟೇ ಗೊತ್ತು. ಇದನ್ನು ಅವರು ಕಲಿಸಿರಲಿಲ್ಲ, ಕಲಿಸುವ ಹಾಗೂ ಇರಲಿಲ್ಲ.

"ನೀನೇ ಹೇಳು" ಎಂದರು. "ಎರಡೂ ಕಡೆ ಹೋಗಕ್ಕಾಗಲ್ಲ, ಇರೋದು ಒಂದೇ ಹಲಗೆ. ಯಾವ ಕಡೆ?"

ದಾರಿಯ ಬದಿಯಲ್ಲಿ ಇಂಥ ದಿನಕ್ಕೆಂದೇ ಒಂದು ಉದ್ದ ಹಲಗೆ ಇಟ್ಟಿದ್ದೆವು. ಅದನ್ನು ಹುಲ್ಲಿನ ಮೇಲೆ ಹಾಸಿ, ಅದರ ಮೇಲೆ ಬೋರಲು ಮಲಗಿ ತೆವಳಬೇಕು. ನಾನು ಕಿವಿಗೊಟ್ಟೆ. ಎಡಗಡೆಯ ಸೀಟಿ ಅವಸರದಲ್ಲಿತ್ತು, ಒಂದರ ಮೇಲೊಂದು ಬೀಳುತ್ತಿತ್ತು, ಗಾಬರಿಯಾದವರ ಉಸಿರಿನಂತೆ. ಬಲಗಡೆಯದು ಒಪ್ಪವಾಗಿತ್ತು. ಮೂರು, ಬಿಡುವು, ಮತ್ತೆ ಮೂರು. ನಮ್ಮ ಅಕ್ಕ ಜನ್ಮದಲ್ಲಿ ಯಾವುದನ್ನೂ ಒಪ್ಪವಾಗಿ ಮಾಡಿದವಳಲ್ಲ.

"ಎಡಗಡೆ" ಎಂದೆ.

ಇವರು ಹಲಗೆ ಹಾಸಿ ತೆವಳಿದರು. ಡಾಕ್ಟರು ಇವರ ಕಾಲು ಹಿಡಿದುಕೊಂಡು ಹಿಂದೆ ಮಲಗಿದರು. ಮಂಜು ಇಬ್ಬರನ್ನೂ ಒಳಗೆಳೆದುಕೊಂಡಿತು. ದಾರಿಯ ಮೇಲೆ ನಾವು ಮೂವರು ಉಳಿದೆವು. ಎಡಗಡೆಯ ಸೀಟಿ ಇನ್ನೂ ಜೋರಾಯಿತು, ಇನ್ನೂ ಅವಸರವಾಯಿತು. "ಇದ್ದಾಳೆ, ಇದ್ದಾಳೆ" ಎಂದು ನಾನು ಡಾಕ್ಟರ ಹೆಂಡತಿಯ ಕೈ ಹಿಸುಕಿದೆ. ಆಗ ಮಂಜಿನೊಳಗಿಂದ ಡಾಕ್ಟರ ದನಿ ಬಂತು.

"ಹಕ್ಕಿ ಇದು! ಮೋಟು ಮರದ ಮೇಲಿದೆ. ನಾವು ಹತ್ರ ಹೋದಷ್ಟೂ ಕಿರುಚ್ತಾ ಇದೆ!"

ಗೂಡು ಇರಬೇಕು ಹತ್ತಿರ. ಗಾಬರಿ ಅದರದ್ದೇ, ನಿಜವಾದ ಗಾಬರಿ.

ನಾನು ಬಲಗಡೆ ತಿರುಗಿದೆ. ಅಲ್ಲಿ, ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ನನ್ನ ಅಕ್ಕ ಅಂದು ಮಾತ್ರ ಹೇಳಿಕೊಟ್ಟ ಹಾಗೆ, ಮೂರು ಮೂರು ಸಲ, ಬಿಡುವು ಕೊಟ್ಟು ಊದುತ್ತಿದ್ದಳು. ಕಿವಿಗೊಟ್ಟೆ. ಮೂರು ಬಂತು. ಬಿಡುವು. ಮತ್ತೆ ಎರಡು ಬಂತು. ಮೂರನೆಯದಕ್ಕೆ ಕಾದೆ.

ಹಲಗೆಯನ್ನು ಎಳೆದು ತಂದು ಬಲಗಡೆ ಹಾಸುವಷ್ಟರಲ್ಲಿ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಈ ಸಲ ನಾನೂ ತೆವಳಿದೆ, ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹಲಗೆಯ ತುದಿಯ ಹತ್ತಿರವೇ ಹುಲ್ಲು ಹರಿದು ಕರೀ ನೀರು ಕಾಣುತ್ತಿತ್ತು. ದಂಡೆಯ ಹುಲ್ಲನ್ನು ಯಾರೋ ಮುಷ್ಟಿ ಮುಷ್ಟಿ ಹಿಡಿದು ಕಿತ್ತಿದ್ದರು. ಅವಳ ಟೋಪಿ ತೇಲುತ್ತಿತ್ತು. ಇವರು ತೋಳುಗಳನ್ನು ಹೆಗಲವರೆಗೂ ನೀರಿಗಿಳಿಸಿ ತಡಕಾಡಿದರು. ಆಮೇಲೆ ತಲೆಯನ್ನೂ ಮುಳುಗಿಸಿ ತಡಕಾಡಿದರು. ನಾನು ಹಲಗೆಯ ಮೇಲೆ ಮಂಡಿಯೂರಿ, ನಿಯಮ ಗಿಯಮ ಎಲ್ಲಾ ಗಾಳಿಗೆ ತೂರಿ, ಗಂಟಲು ಹರಿಯುವ ಹಾಗೆ ಕೂಗಿದೆ.

"ಅಕ್ಕಾ! ಅಕ್ಕಾ!"

ದಾರಿಯ ಮೇಲಿನವರೂ ಕೂಗಿದರು. ಡಾಕ್ಟರ ಹೆಂಡತಿ ಅಳುತ್ತಾ ಕೂಗಿದರು. ಕೂಗಿ ಕೂಗಿ ಎಲ್ಲರೂ ಒಟ್ಟಿಗೆ ಸುಮ್ಮನಾದೆವು. ಆಗ ನಮ್ಮ ಬೆನ್ನ ಹಿಂದೆ, ಮಂಜಿನಾಚೆಯಿಂದ, ಮೂರು ಸೀಟಿ ಬಂತು. ನಾವೆಲ್ಲರೂ ಒಮ್ಮೆಲೇ ತಲೆ ತಿರುಗಿಸಿದೆವು.

ಇವರು ನೀರಿನಿಂದ ಮುಖವೆತ್ತಿದ್ದರು. ಹುಬ್ಬಿನಿಂದ ಕೆಸರು ಇಳಿಯುತ್ತಿತ್ತು. ಇವರಿಗೆ ಸೀಟಿ ಕೇಳಿಸಿರಲಿಲ್ಲ, ನಾವು ತಿರುಗಿದ್ದು ಮಾತ್ರ ಕಾಣಿಸಿತ್ತು. ಕಣ್ಣು ಅರಳಿತು. ಮಗುವಿನ ಹಾಗೆ ನಗು ಬಂತು ಮುಖದಲ್ಲಿ.

"ಅತ್ತಿಗೇನಾ?" ಎಂದರು. "ಕೇಳಿಸ್ತಾ? ಎಲ್ಲಿದ್ದಾರೆ?"