ಛತ್ರದ ಹಿತ್ತಿಲ ನಲ್ಲಿ

“ಕರೆಂಟ್ ಹೊಡೀತದಂತೆ, ಕರೆಂಟು! ಮೈಗಳ್ಳಿ ಮುಂಡೆ, ಕೆಲಸ ಅಂದ್ರೆ ಸಾಕು, ನಿಂಗೊಂದು ನೆವ. ಮೊನ್ನೆ ಸೊಂಟ ನೋವು, ಇವತ್ತು ಕರೆಂಟು. ನಾಳೆ ಏನೇ, ಸಿಡಿಲಾ?”

ಛತ್ರದ ಮ್ಯಾನೇಜರ್ ಚಕ್ರಪಾಣಿ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಅವನ ಎದುರಿಗೆ ಸಿಮೆಂಟು ಹಾಕಿದ ಹಿತ್ತಿಲು. ಮೋರಿ ಕಟ್ಟಿಕೊಂಡು ಪಾದ ಮುಳುಗುವಷ್ಟು ಎಂಜಲು ನೀರು ನಿಂತಿತ್ತು. ಆ ನೀರಿನಲ್ಲಿ ತಿಮ್ಮಕ್ಕ ಬರಿಗಾಲಲ್ಲಿ, ಸಾರಿನ ಕೊಳದಪ್ಪಲೆಯನ್ನು ಮಗ್ಗುಲಿಗೆ ಉರುಳಿಸಿಕೊಂಡು ನಿಂತಿದ್ದಳು. ಬಲಗೈಯನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಳು. ಬೆರಳುಗಳ ಜುಮ್ಮು ಇನ್ನೂ ಇಳಿದಿರಲಿಲ್ಲ.

“ನೆವ ಅಲ್ಲ ಸಾಮಿ. ಮೋಟ್ರು ಹಾಕ್ದಾಗೆಲ್ಲ ಈ ನಲ್ಲಿ ಕಚ್ತದೆ. ನಮ್ ಮಾರೀನ ಕೇಳಿ, ಅವ್ಳಿಗೂ ಹೊಡ್ದೈತೆ.”

ಮಾರಮ್ಮ ತಲೆ ಎತ್ತಲಿಲ್ಲ. ಹುಣಸೆಹಣ್ಣು ಹಾಕಿ ತಪ್ಪಲೆಯ ತಳ ಉಜ್ಜುತ್ತಲೇ ಇದ್ದಳು.

ಚಕ್ರಪಾಣಿ ಪಂಚೆ ಎತ್ತಿ ಕಟ್ಟಿ, ರಬ್ಬರ್ ಚಪ್ಪಲಿಯಲ್ಲಿ ನೀರು ಪಚಪಚ ಎನಿಸುತ್ತಾ ಇಳಿದು ಬಂದು ನಲ್ಲಿಯನ್ನು ಬಿಗಿಯಾಗಿ ಹಿಡಿದ.

“ನೋಡು. ನೋಡೇ! ಸತ್ನಾ ನಾನು?”

“ಚಪ್ಲಿ ಬುಟ್ಟು ಹಿಡ್ಕಳಿ ಸಾಮಿ,” ಅಂದಳು ತಿಮ್ಮಕ್ಕ.

ಒಳಗೆ ಕುಂಬಳಕಾಯಿ ಹೆಚ್ಚುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಚಕ್ರಪಾಣಿಯ ಮುಖ ಬಿಗಿಯಿತು. ಪಕ್ಕದಲ್ಲಿದ್ದ ಮುಸುರೆಯ ಬಕೆಟ್ಟನ್ನು ಕಾಲಿನಿಂದ ಒದ್ದ. ಅನ್ನದಗುಳು, ಮಜ್ಜಿಗೆ, ಒಗ್ಗರಣೆಯ ಕರಿಬೇವು ಎಲ್ಲ ತಿಮ್ಮಕ್ಕನ ಸೊಂಟದಿಂದ ಕೆಳಕ್ಕೆ ಸುರಿದವು.

“ಅನ್ನ ಬೇಯೋ ಜಾಗಕ್ಕೆ ಚಪ್ಪಲಿ ಮೆಟ್ಕೊಂಡು ಬರ್ಬೇಕಾ ನಿಂಗೆ? ಗೇಟಿನ ಹೊರಗೆ ಬಿಟ್ಟು ಬರೋರು ಗೇಟಿನ ಹೊರಗೆ ಬಿಟ್ಟೇ ಬರ್ಬೇಕು. ಕೇರಿಯೋರನ್ನ ಕಾಂಪೌಂಡಿನೊಳಗೆ ಬಿಟ್ಕೊಂಡಿದ್ದೇ ನಮ್ಮ ತಪ್ಪು.”

ಅವನು ಒಳಗೆ ಹೋದ ಮೇಲೆ ತಿಮ್ಮಕ್ಕ ಸೀರೆ ಹಿಂಡಿಕೊಂಡಳು. “ಬೋಳಿಮಗ. ಇವ್ನ ಹೆಣಕ್ಕೆ ನೀರು ಬುಡೋರು ಸಿಗ್ದೆ ಹೋಗ್ಲಿ,” ಅಂದಳು. ಆಮೇಲೆ ಮಾರಮ್ಮನ ಕಡೆ ತಿರುಗಿ, “ನೀನ್ಯಾಕಮ್ಮಿ ಬಾಯಿಗೆ ಬೀಗ ಹಾಕ್ಕಂಡು ಕುಂತೆ?” ಅಂದಳು.

“ನಾನೇನ್ ಹೇಳ್ಲಕ್ಕಾ? ಕೆಲ್ಸಕ್ಕೆ ಬರ್ಬ್ಯಾಡಿ ಅಂದ್ಬುಟ್ರೆ?”

ಇಬ್ಬರೂ ಓರಗಿತ್ತಿಯರು. ತಲಘಟ್ಟಪುರದ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ತಿಮ್ಮಕ್ಕನ ಗಂಡ ಕಲ್ಲುಬಂಡೆಯ ಕೆಲಸದಲ್ಲಿ ಎದೆಗೆ ಧೂಳು ತುಂಬಿಕೊಂಡು ಕೆಮ್ಮಿ ಕೆಮ್ಮಿ ಸತ್ತ. ಅವಳಿಗೆ ಮಕ್ಕಳಿರಲಿಲ್ಲ. ಮಾರಮ್ಮನ ಗಂಡ ಹನುಮಯ್ಯ ಜಯನಗರದಲ್ಲಿ ರಸ್ತೆಗೆ ಟಾರು ಹಾಕುವ ಗ್ಯಾಂಗಿಗೆ ಸೇರಿದಾಗ, “ಅಕ್ಕ ಒಬ್ಳೇ ಇಲ್ಲಿದ್ದೇನು ಮಾಡ್ತಾಳೆ,” ಎಂದು ಅವಳನ್ನೂ ಕರೆದುಕೊಂಡು ಬಂದ. ಪದ್ಮನಾಭನಗರದ ಆಚೆ, ಕೆರೆ ಅಂಚಿನ ಗುಡಿಸಲುಗಳಲ್ಲಿ ಒಂದರಲ್ಲಿ ಎಲ್ಲರೂ ಇದ್ದರು. ಮಾರಮ್ಮನ ಇಬ್ಬರು ಹೆಣ್ಣುಮಕ್ಕಳು ರಾತ್ರಿ ಮಲಗುತ್ತಿದ್ದುದು ದೊಡ್ಡವ್ವನ ಎರಡು ಮಗ್ಗುಲಲ್ಲಿ. ಛತ್ರದಲ್ಲಿ ಹೋಳಿಗೆ ಮಾಡಿದ ದಿನ ತಿಮ್ಮಕ್ಕ ತನ್ನ ಪಾಲನ್ನು ಮುಟ್ಟದೆ ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದಳು. ಹಂಚುವಾಗ ಮಾತ್ರ, “ತಿನ್ರೇ ಮೂದೇವಿಗಳಾ, ನಾನಲ್ಲೇ ಹೊಟ್ಟೆ ಬಿರಿಯಂಗೆ ತಿಂದ್ಬಂದೆ,” ಎಂದು ಗದರುತ್ತಿದ್ದಳು.

ಆ ವರ್ಷ, ಎಂಬತ್ತಮೂರರಲ್ಲಿ, ಬನಶಂಕರಿ ಎರಡನೇ ಹಂತದ ಆ ಛತ್ರಕ್ಕೆ ಒಂದು ಮದುವೆ ಮುಗಿಯುವ ಮೊದಲೇ ಇನ್ನೊಂದರ ಚಪ್ಪರ ಏಳುತ್ತಿತ್ತು. ಹೊಸದಾಗಿ ರುಬ್ಬುವ ಮೆಷೀನು ಬಂದಿತ್ತು. ಅದಕ್ಕೆ ಬೇರೆ ಲೈನು ಎಳೆಯಲಿಲ್ಲ. ಹಿತ್ತಿಲ ನೀರೆತ್ತುವ ಮೋಟರಿನ ತಂತಿಗೇ ಜೋಡಿಸಿ, ಟೇಪು ಸುತ್ತಿ, ಗೋಡೆಯುದ್ದಕ್ಕೂ ಇದ್ದ ಕಬ್ಬಿಣದ ಪೈಪಿಗೆ ದಾರದಲ್ಲಿ ಕಟ್ಟಿದ್ದರು. ಆ ಪೈಪಿನ ಕೊನೆಯಲ್ಲೇ ಪಾತ್ರೆ ತೊಳೆಯುವ ನಲ್ಲಿ. ಮೆಷೀನು, ಮೋಟರು ಎರಡೂ ಓಡಿದಾಗ ಫ್ಯೂಸು ಹಾರುತ್ತಿತ್ತು. ಒಂದು ಆರತಕ್ಷತೆಯ ನಡುವೆ ಇಡೀ ಛತ್ರ ಕತ್ತಲಾಗಿ, ಬೀಗರ ಕಡೆಯವರು ಅಪಶಕುನ ಎಂದು ಗಲಾಟೆ ಮಾಡಿದರು. ಮಾರನೆಯ ದಿನ ಚಕ್ರಪಾಣಿ ವೈರಿಂಗ್ ಕೆಲಸದ ದೇವದಾಸನನ್ನು ಕರೆಸಿ, ಹಾರದ ಹಾಗೆ ಮಾಡು ಅಂದ. ದೇವದಾಸ ಫ್ಯೂಸಿಗೆ ದಪ್ಪ ತಂತಿ ಸುತ್ತಿ ಹೋದ. ಆಮೇಲೆ ದೀಪ ಆರಲಿಲ್ಲ. ನಲ್ಲಿ ಕಚ್ಚುವುದು ಮಾತ್ರ ಜಾಸ್ತಿಯಾಯಿತು.

ವಾರ ಕಳೆದ ಮೇಲೆ ವಿದ್ಯುತ್ ಇಲಾಖೆಯ ಇನ್‌ಸ್ಪೆಕ್ಟರು ಬಂದರು. ಚಕ್ರಪಾಣಿ ಅವರನ್ನು ಮುಂದಿನ ಹಾಲ್‌ನಲ್ಲೇ ಕೂರಿಸಿ ಬಾದಾಮಿ ಹಾಲು ಕೊಟ್ಟ. ಆದರೂ ಅವರು ಹಿಂಬಾಗಿಲವರೆಗೂ ಬಂದು ಹೊಸ್ತಿಲಾಚೆಯ ನೀರು ನೋಡಿ ನಿಂತರು. ಇಳಿದರೆ ಬೂಟು ಒದ್ದೆಯಾಗುತ್ತಿತ್ತು.

“ಏನ್ರೀ ಇದು? ಮೋಟರ್‌ಗೆ ಅರ್ಥಿಂಗ್ ಎಲ್ಲಿ? ನೀರು ನಿಲ್ಲೋ ಜಾಗದಲ್ಲಿ ಹಿಂಗೆಲ್ಲ ವೈರ್ ಬಿಡೋ ಹಾಗಿಲ್ಲ. ಪೈಪಿಗೆ ಬೇರೆ ಕಟ್ಟಿದೀರಿ! ಮನೆ ರೂಮಿನ ಥರ ಅಲ್ಲರೀ ಇದು, ಇಲ್ಲಿಗೆ ರೂಲ್ಸೇ ಬೇರೆ. ಲೈನ್ ಬೇರೆ ಬೇಕು, ಫ್ಯೂಸ್ ಬೇರೆ ಬೇಕು.”

“ಖಂಡಿತ ಸಾರ್. ಈ ಲಗ್ನದ ಸೀಸನ್ ಒಂದು ಮುಗೀಲಿ, ಪೂರ್ತಿ ಕಿತ್ತು ಹಾಕಿಸ್ಬಿಡ್ತೀನಿ. ಈಗ ಕಿತ್ರೆ ಮದುವೆ ನಡುವೆ ನಿಲ್ಲತ್ತೆ. ಎಲೆ ಹಾಕಿದಾರೆ ಸಾರ್, ಬನ್ನಿ.”

ಇನ್‌ಸ್ಪೆಕ್ಟರು ಹಿಂತಿರುಗುವ ಮುನ್ನ ಪಾತ್ರೆ ತೊಳೆಯುತ್ತಿದ್ದ ಹೆಂಗಸರಿಗೆ ಬುದ್ಧಿ ಹೇಳಿದರು.

“ನೋಡ್ರಮ್ಮಾ, ಒದ್ದೆ ಕೈಯಲ್ಲಿ ಆ ನಲ್ಲೀನ ಮುಟ್ಬೇಡಿ.”

“ಪಾತ್ರೆ ತೊಳ್ಯೋರ ಕೈ ಒಣ್ಗಿರೋದು ಯಾವಾಗ ಸಾಮಿ?” ಅಂದಳು ತಿಮ್ಮಕ್ಕ.

ಅವರು ಕೇಳಿಸಿಕೊಂಡರೋ ಇಲ್ಲವೋ. ಒಳಗೆ ಹೋಗಿ ಊಟಕ್ಕೆ ಕೂತರು. ಅವರುಂಡ ಎಲೆ ಹಿಂಬಾಗಿಲಿಗೆ ಬಂದಾಗ ಅದನ್ನು ತಿಪ್ಪೆಗೆ ಹಾಕಿದವಳು ಮಾರಮ್ಮ. ತುಪ್ಪ ಸುರಿದ ಹೋಳಿಗೆಯ ಅರ್ಧ ಅದರಲ್ಲಿ ಹಾಗೇ ಉಳಿದಿತ್ತು.

ಮುಂದಿನ ಭಾನುವಾರದ ಮದುವೆ ದೊಡ್ಡದು. ಬೆಳಿಗ್ಗೆಯ ಮುಹೂರ್ತ. ಕಾಫಿ ತಿಂಡಿಯ ಲೋಟ ತಟ್ಟೆಗಳು ಹಿತ್ತಿಲಲ್ಲಿ ಗುಡ್ಡೆ ಬಿದ್ದಿದ್ದವು. ಟ್ಯಾಂಕಿನಲ್ಲಿ ನೀರು ಮುಗಿದು ನಲ್ಲಿ ಬುಸುಗುಟ್ಟಿತು. ಒಳಗಿನಿಂದ ಯಾರೋ ಮೋಟರು ಹಾಕಿದರು. ಚಟ್ನಿಗೆ ರುಬ್ಬುವ ಮೆಷೀನೂ ಓಡುತ್ತಿತ್ತು.

ಅದೇ ಹೊತ್ತಿಗೆ ಹಾಲಿನಲ್ಲಿ ಪುರೋಹಿತರು ಕೈಯೆತ್ತಿ, “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿದರು. ಡೋಲು, ನಾಗಸ್ವರ ಒಟ್ಟಿಗೆ ಏರಿದವು. ತಾಳಿ ಕಟ್ಟುವಾಗ ಕೆಟ್ಟ ಸದ್ದು ಯಾವುದೂ ಕಿವಿಗೆ ಬೀಳಬಾರದೆಂದು ಅಷ್ಟು ಜೋರಾಗಿ ಬಾರಿಸುತ್ತಾರೆ.

ಮಾರಮ್ಮ ತಲೆ ಎತ್ತಿದಾಗ ತಿಮ್ಮಕ್ಕ ನಲ್ಲಿ ಹಿಡಿದು ನಿಂತಿದ್ದಳು. ಬಾಯಿ ತೆರೆದಿತ್ತು. ವಾಲಗದ ಅಬ್ಬರದಲ್ಲಿ ಏನೂ ಕೇಳುತ್ತಿರಲಿಲ್ಲ. ಎಂದಿನಂತೆ ಯಾರನ್ನೋ ಬೈಯುತ್ತಿದ್ದಾಳೆ ಎಂದುಕೊಂಡು ಮಾರಮ್ಮ ನಕ್ಕಳು. ಆಮೇಲೆ ಅವಳ ಕಣ್ಣುಗುಡ್ಡೆ ನೋಡಿದಳು.

“ಅಕ್ಕಾ!”

ಓಡಿಹೋಗಿ ತೋಳು ಹಿಡಿದವಳನ್ನು ಏನೋ ಎತ್ತಿ ಗೋಡೆಗೆ ಬಿಸಾಡಿತು. ಮೊಣಕೈ ತರಚಿ ರಕ್ತ ಬಂತು. ಬಿದ್ದಲ್ಲಿಂದಲೇ ಕಿರುಚಿದಳು. “ಕರೆಂಟ್ ತಗೀರೋ! ಯಾರಾನಾ ಕರೆಂಟ್ ತಗೀರೋ!”

ಒಲೆಯ ಮುಂದಿದ್ದ ಅಡುಗೆಯಾಳು ಪರಮಶಿವಯ್ಯ ಮೋಟರು, ಮೆಷೀನು ಎರಡನ್ನೂ ಆರಿಸಿದರೂ ಕರೆಂಟು ಬಿಡದಿದ್ದಾಗ ಹಾಲಿಗೆ ಓಡಿದ. ಮೇನ್ ಸ್ವಿಚ್ಚು ಇದ್ದುದು ಮುಂಬಾಗಿಲ ಪಕ್ಕದ ಗೋಡೆಯಲ್ಲಿ. ಚಕ್ರಪಾಣಿ ಅದರ ಮುಂದೆಯೇ ಅಕ್ಷತೆ ಹಿಡಿದು ನಿಂತಿದ್ದ.

“ಸ್ವಾಮಿ, ಮೇನ್ ತೆಗೀರಿ! ತಿಮ್ಮಕ್ಕನ್ನ ಕರೆಂಟ್ ಹಿಡ್ಕೊಂಡಿದೆ!”

“ಥೂ, ಮೆತ್ತಗೆ ಮಾತಾಡು! ತಾಳಿ ಕಟ್ತಾ ಇದಾರೆ, ಕಣ್ಣು ಕಾಣಲ್ವಾ? ಈಗ ದೀಪ ಆರಿಸಿದ್ರೆ ನನ್ನ ಚರ್ಮ ಸುಲೀತಾರೆ. ಒಂದು ನಿಮಿಷ ಇರು.”

ಪರಮಶಿವಯ್ಯ ನಿಲ್ಲಲಿಲ್ಲ. ವಾಪಸು ಓಡಿ ಬಂದು ಒಲೆಯ ಪಕ್ಕದ ಒಣ ಸೌದೆ ಎತ್ತಿ ತಿಮ್ಮಕ್ಕನ ಕೈಗೆ ಹೊಡೆದ. ಎರಡನೇ ಏಟಿಗೆ ಕೈ ಬಿಟ್ಟಿತು. ಅವಳು ಲೋಟಗಳ ಗುಡ್ಡೆಯ ಮೇಲೆ ಬಿದ್ದಳು. ಲೋಟಗಳು ನೀರಿನಲ್ಲಿ ನಾನಾ ದಿಕ್ಕಿಗೆ ಉರುಳಿದವು. ಒಳಗೆ ಗಟ್ಟಿಮೇಳ ನಿಂತಿತು.

ಮಾರಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೆನ್ನೆ ತಟ್ಟಿದಳು. ಪಾದ ಉಜ್ಜಿದಳು. “ಅಕ್ಕಾ, ಏಳಕ್ಕಾ. ಮಕ್ಳು ಕಾಯ್ತವೆ, ಏಳಕ್ಕಾ.” ಅಂಗೈಯಲ್ಲಿ ನಲ್ಲಿಯ ಆಕಾರಕ್ಕೆ ಚರ್ಮ ಸುಟ್ಟು ಬೆಳ್ಳಗಾಗಿತ್ತು.

ಚಕ್ರಪಾಣಿ ಬಂದ. ಹೊಸ್ತಿಲಲ್ಲೇ ನಿಂತು ನೋಡಿದ.

“ಅವಳಿಗೆ ಮೊದಲೇ ಮೈ ಸರಿ ಇರ್ಲಿಲ್ಲ. ಸೊಂಟ ನೋವು ಅಂತಿದ್ಲು. ಎದೆ ನಿಂತಿದೆ, ಅಷ್ಟೇ. ಯಾರೂ ಕರೆಂಟು ಗಿರೆಂಟು ಅನ್ಬೇಡಿ. ಏ ಪರಮಶಿವ, ಗೋಣಿತಾಟು ಹೊದಿಸಿ ಆ ಸೌದೆ ಮರೆಗೆ ಮಲಗ್ಸು. ಊಟ ಎಲ್ಲ ಮುಗಿದ್ಮೇಲೆ ಹಿಂದಿನ ಗೇಟಿಂದ ಸಾಗಿಸೋಣ. ಮುಂದೆ ಇರೋರಿಗೆ ಗೊತ್ತಾದ್ರೆ ಸೂತಕ ಅಂತ ಒಬ್ರೂ ಎಲೆ ಮುಟ್ಟಲ್ಲ.” ಆಮೇಲೆ ಮಾರಮ್ಮನ ಕಡೆ ನೋಡಿ, ತಗ್ಗಿದ ದನಿಯಲ್ಲಿ ಅಂದ: “ನೋಡಮ್ಮಾ, ಆದದ್ದಾಯ್ತು. ಮೊದಲನೇ ಪಂಕ್ತಿಗೆ ಲೋಟ ಇಲ್ಲ. ಇವಿಷ್ಟು ತೊಳೆದುಕೊಟ್ಟು ಆಮೇಲೆ ಅಳು.”

ಮಾರಮ್ಮ ಅವನನ್ನು ನೋಡಿದಳು. ಓರಗಿತ್ತಿಯ ತಲೆಯನ್ನು ಮೆಲ್ಲಗೆ ಇಳಿಸಿ, ಸೀರೆ ಸರಿಮಾಡಿ, ಎದ್ದಳು. ಲೋಟಗಳ ಕಡೆ ಹೋಗಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿದಳು. ಆ ಹೊಸ್ತಿಲನ್ನು ಅವಳು ಯಾವತ್ತೂ ದಾಟಿದವಳಲ್ಲ. “ಏಯ್, ಎಲ್ಲಿಗೇ? ಮೈಲಿಗೆ! ಹಿಡೀರೋ ಅವಳನ್ನ!” ಎಂದು ಚಕ್ರಪಾಣಿ ಕೂಗಿದ. ಹಿಡಿಯಬೇಕಾದರೆ ಮುಟ್ಟಬೇಕಿತ್ತು. ಪರಿಚಾರಕರು ಅನ್ನದ ಪಾತ್ರೆಗಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದರು.

ಹಾಲಿನ ನಡುವೆ ಒದ್ದೆ ಕಾಲಿನಲ್ಲಿ ನಡೆದು ಹೋದಳು. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ರೇಷ್ಮೆ ಸೀರೆಗಳು ನಿರಿಗೆ ಎತ್ತಿಕೊಂಡವು. ಮುಂಬಾಗಿಲ ಪಕ್ಕದ ಗೋಡೆಗೆ ತಲುಪಿ, ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದಳು.

ಮಂಟಪದ ಬಣ್ಣದ ದೀಪಗಳು ಆರಿದವು. ಮೈಕು ಸತ್ತಿತು. ಫ್ಯಾನುಗಳು ನಿಧಾನವಾಗುತ್ತಾ ನಿಂತವು. ಆ ಮೌನದಲ್ಲಿ ಮಾರಮ್ಮ ಎದೆ ಬಡಿದುಕೊಂಡು, ಊರಿನಲ್ಲಿ ಹೆಣದ ಮುಂದೆ ಅಳುವ ಹಾಗೆ, ಹಾಡಿಕೊಂಡು ಅತ್ತಳು.

“ಅಯ್ಯೋ ನಮ್ಮಕ್ಕಾ, ನನ್ನವ್ವನಂಥ ಅಕ್ಕಾ, ಇವ್ರು ಉಂಡ ಎಂಜ್ಲು ತೊಳ್ಯಾಕೆ ಬಂದು ಹೆಣವಾದ್ಯಲ್ಲಾ… ಕಚ್ತದೆ ಕಚ್ತದೆ ಅಂತ ಬಡ್ಕಂಡ್ಯಲ್ಲಾ, ಯಾರೂ ಕೇಳ್ಲಿಲ್ವಲ್ಲಾ… ನಿನ್ನ ಕೂಗು ಕೇಳ್ದಂಗೆ ವಾಲಗ ಊದಿದ್ರಲ್ಲಾ…”

ಮದುಮಗಳು ಮಂಟಪದಲ್ಲೇ ಎದ್ದು ನಿಂತಳು. ಅವಳ ಅಪ್ಪ ಧಾವಿಸಿ ಬಂದರು. “ಚಕ್ರಪಾಣಿ, ಏನ್ರೀ ಇದು? ಕಳಿಸ್ರಿ ಆಚೆಗೆ! ಹಿಂದುಗಡೆಯಿಂದ ಕಳಿಸ್ರಿ!”

ಮಾರಮ್ಮನ ಅಳು ನಿಂತಿತು. “ನಮ್ಮಕ್ಕ ಹಿಂದ್ಗಡೆಯಿಂದ ಹೋಗಕಿಲ್ಲ,” ಅಂದಳು. “ಈ ಬಾಗ್ಲಾಗೇ ಹೋಗ್ತಾಳೆ. ಅಲ್ಲೀಗಂಟ ಇದ್ರ ಮೇಲೆ ಯಾರು ಕೈ ಇಕ್ಕೀರೋ ನೋಡ್ತೀನಿ.”

ಯಾರೂ ಹತ್ತಿರ ಬರಲಿಲ್ಲ.

ಒಲೆಯ ಮುಂದಿದ್ದ ಪರಮಶಿವಯ್ಯ ಸೌಟನ್ನು ಕೆಳಗಿಟ್ಟು, ಹಿತ್ತಿಲಿಗಿಳಿದು, ತಿಮ್ಮಕ್ಕನ ಕಂಕುಳಿಗೆ ಕೈ ಹಾಕಿದ. ಎಲೆ ತೆಗೆಯುವ ಮೂವರು ಹೆಂಗಸರು, ಕಸ ಗುಡಿಸುವವಳು, ಎಲ್ಲರೂ ಬಂದು ಕಾಲು ಸೊಂಟ ಹಿಡಿದರು. ಅಡುಗೆಮನೆ ದಾಟಿ, ಹಾಲಿನ ನಡುವಿನ ಕೆಂಪು ಹಾಸಿನ ಮೇಲೆ ಅವಳನ್ನು ಹೊತ್ತು ತಂದರು. ಕುರ್ಚಿಗಳು ಸರಸರ ಹಿಂದಕ್ಕೆ ಸರಿದವು. ವಾಲಗದವರು ಮಾತ್ರ ನಾಗಸ್ವರ ಮಡಿಲಲ್ಲಿಟ್ಟು, ತಲೆ ತಗ್ಗಿಸಿ ಎದ್ದು ನಿಂತರು. ಬಾಗಿಲ ಬಳಿ ಪನ್ನೀರು ಚಿಮುಕಿಸಲು ನಿಂತಿದ್ದ ಹುಡುಗಿಯ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ನಾಲ್ಕು ಹನಿ ತಿಮ್ಮಕ್ಕನ ಹಣೆಯ ಮೇಲೆ ಬಿದ್ದವು. ಹುಡುಗಿ ಅಳತೊಡಗಿದಳು.

ಮಾರಮ್ಮ ಸ್ವಿಚ್ಚಿನ ಹಿಡಿ ಬಿಟ್ಟು ಹೆಣದ ಹಿಂದೆ ಹೊರಟಳು. ಹೊರಗೆ ಬಿಸಿಲು ಏರಿತ್ತು.

ಹಾಲಿನ ಉದ್ದಕ್ಕೂ ತಿಮ್ಮಕ್ಕನ ಸೀರೆಯಿಂದ ಇಳಿದ ಮುಸುರೆ ನೀರು ಗೆರೆ ಎಳೆದಿತ್ತು. ಅದನ್ನು ತುಳಿಯದೆ ಆಚೆ ಈಚೆ ದಾಟಲು ಯಾರಿಗೂ ದಾರಿಯಿರಲಿಲ್ಲ. “ಯಾರ್ರೀ ಅಲ್ಲಿ? ಬೇಗ ಬಂದು ಒರೆಸ್ರೀ ಇದನ್ನ!” ಎಂದು ಚಕ್ರಪಾಣಿ ಹಿತ್ತಿಲ ಕಡೆ ತಿರುಗಿ ಕೂಗಿದ.

ಮತ್ತೆ ಕೂಗಿದ. ಹಿತ್ತಿಲಲ್ಲಿ ಯಾರೂ ಇರಲಿಲ್ಲ.