ಏರಿನಲ್ಲಿ ನಿಲ್ಲುವ ಸೈಕಲ್

ಜ್ವರ ಬಂದು ನಮ್ಮಣ್ಣನ ಕಿವಿ ಹೋಯಿತು. ಅಂದಿನಿಂದ ಅಂಗಡಿಯಲ್ಲಿ ಅವನ ಕಿವಿ ನಾನೇ. ಎಂಜಿನ್ ಕೂರಿಸಿದ ಸೈಕಲ್‌ಗಳ ರಿಪೇರಿ ಅವನ ಕಸುಬು. ಗಿರಾಕಿ ಹೇಳಿದ್ದನ್ನು ನಾನು ನಿಧಾನವಾಗಿ ತಿರುಗಿ ಹೇಳಬೇಕು. ನನ್ನ ತುಟಿ ಬಿಟ್ಟರೆ ಬೇರೆ ಯಾರ ತುಟಿಯೂ ಅವನಿಗೆ ಅರ್ಥವಾಗದು. ಎಂಜಿನ್ನಿಗೆ ಪೆಟ್ರೋಲು ಬಿಡುವ ಕಾರ್ಬುರೇಟರ್ ಹೊಂದಿಸುವಾಗಲೂ ಅಷ್ಟೆ: ಅವನು ಸ್ಕ್ರೂ ತಿರುಗಿಸುತ್ತಾನೆ, ನಾನು ಸದ್ದು ಕೇಳಿ ತಲೆಯಾಡಿಸುತ್ತೇನೆ. ಮದುವೆ ಗಿದುವೆ ಎಲ್ಲ ಈ ಗ್ರೀಸಿನ ವಾಸನೆಯಲ್ಲೇ ಮುಗಿದುಹೋಯಿತು ಅನ್ನಿ.

ಗುಡ್ಡದಾಚೆಯ ಬಿಸ್ಕತ್ತು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿಗೆ ಬಸ್ಸಿಲ್ಲ. ಅಣ್ಣನೇ ಹಳೆಯ ಸೈಕಲ್ಲಿಗೆ ಎಂಜಿನ್ ಕೂರಿಸಿಕೊಟ್ಟ. "ಹೋಗಮ್ಮ, ಬೇಡ ಅಂದೋರ್ಯಾರು?" ಎಂದ. ಅಂಗಡಿಯೊಳಗೆ ಎಂಜಿನ್ ಏನೂ ತಕರಾರಿಲ್ಲದೆ ಓಡುತ್ತಿತ್ತು. ಏರು ಹತ್ತಿದರೆ ಮುಕ್ಕರಿದು ನಿಲ್ಲುತ್ತಿತ್ತು. ತಳ್ಳಿಕೊಂಡು ವಾಪಸು ಬರುತ್ತಿದ್ದೆ. ಪ್ರತಿ ಸಲವೂ ಅಣ್ಣ ಕಾರ್ಬುರೇಟರ್ ಬಿಚ್ಚಿ, ಒರೆಸಿ, ಕೂರಿಸಿ, "ಇನ್ನು ಸರಿಹೋಗತ್ತೆ ನೋಡು" ಎನ್ನುತ್ತಿದ್ದ. ಇವತ್ತೂ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೇಲ್ವಿಚಾರಕಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು.

ಅಣ್ಣ ಸ್ನಾನಕ್ಕೆ ಹೋದಾಗ ನಾನೇ ಕಾರ್ಬುರೇಟರಿನ ಮುಚ್ಚಳ ತೆಗೆದೆ. ಒಳಗಿನ ಸೂಜಿಯ ತಲೆಯಲ್ಲಿ ಕಚ್ಚುಗಳಿರುತ್ತವೆ; ಅವುಗಳಲ್ಲೊಂದಕ್ಕೆ ಪುಟ್ಟ ಕ್ಲಿಪ್ ಸಿಕ್ಕಿಸಿರುತ್ತಾರೆ. ನಡುವಿನ ಕಚ್ಚಿನಲ್ಲಿರಬೇಕಾದ ಕ್ಲಿಪ್ ತುತ್ತತುದಿಯಲ್ಲಿತ್ತು. ಹಾಗಾದರೆ ಸೂಜಿ ಕೆಳಗಿಳಿದು ಪೆಟ್ರೋಲಿನ ದಾರಿ ಕಿರಿದಾಗುತ್ತದೆ. ನಿಂತಲ್ಲಿ ಸಣ್ಣಗೆ ಓಡಿಸಿದರೆ ಗೊತ್ತಾಗದು, ಏರಿನಲ್ಲಿ ಎಂಜಿನ್ ಉಪವಾಸ ಬೀಳುತ್ತದೆ. ನಮ್ಮಣ್ಣ ನಿದ್ದೆಗಣ್ಣಲ್ಲೂ ಇಂಥ ತಪ್ಪು ಮಾಡುವವನಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಕ್ಲಿಪ್ ಸರಿಮಾಡಿ, ಪೆಡಲ್ ತುಳಿದು ಎಂಜಿನ್ ಶುರುಮಾಡಿದೆ. ಅಣ್ಣ ಒದ್ದೆ ತಲೆಯಲ್ಲೇ ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟ. ಆಕ್ಸಿಲರೇಟರ್ ತಿರುಗಿಸಿದೆ. ಎಂಜಿನ್ ಹದಕ್ಕೆ ಬಂದದ್ದು ಅವನ ಅಂಗೈಗೆ ಗೊತ್ತಾಯಿತು. ಕಸುಬಿನವನಲ್ಲವೇ, ಮುಖ ಅರಳಿತು. ಆಮೇಲೆ ನನ್ನನ್ನು ನೋಡಿ ತಲೆ ತಗ್ಗಿಸಿದ.

"ಯಾಕೆ ಹಿಂಗ್ಮಾಡ್ದೆ?" ಎಂದು ಅವನ ಭುಜ ಅಲ್ಲಾಡಿಸಿದೆ.

"ನೀನು ಹೋದ್ರೆ ನನ್ ಹತ್ರ ಯಾರು ಮಾತಾಡ್ತಾರೆ?"

ಬಾಯಿಗೆ ಬಂದಂತೆ ಬೈದೆ. ಒಂದು ಬೈಗುಳವನ್ನೂ ಬಿಡದೆ ಅವನು ನನ್ನ ತುಟಿ ನೋಡುತ್ತಲೇ ನಿಂತಿದ್ದ. ಕೊನೆಗೆ, "ಹೊತ್ತಾಯ್ತು, ಹೊರಡು" ಎಂದ.

ಸೀಟಿನ ಮೇಲೆ ಕೂತೆ. ಈ ಸಲ ಗುಡ್ಡ ಹತ್ತುವುದು ಖಂಡಿತ. ಅಷ್ಟರಲ್ಲಿ ಹಾಲಿನವನು ತನ್ನ ಎಂಜಿನ್ ಸೈಕಲ್ ತಳ್ಳಿಕೊಂಡು ಬಂದ.

"ಬ್ರೇಕು ಹಿಡೀತಿಲ್ಲ ಕಣಣ್ಣ, ಬೇಗ ನೋಡು."

ಅಣ್ಣ ನಗುತ್ತಾ ತಲೆಯಾಡಿಸಿದ. ಹಾಲಿನವನು ಇನ್ನೊಮ್ಮೆ ಕೂಗಿ ಹೇಳಿದ. ಅಣ್ಣ ಮತ್ತೆ ನಗುತ್ತಾ ತಲೆಯಾಡಿಸಿದ. ನನ್ನ ಕಡೆ ಮಾತ್ರ ತಿರುಗಲಿಲ್ಲ, ಹಟ ಹಿಡಿದವನಂತೆ ತಿರುಗಲಿಲ್ಲ. ಕೆಳಗೆ ಕೂತು, ಸ್ಪ್ಯಾನರ್ ತೆಗೆದುಕೊಂಡು, ಆ ಸೈಕಲ್ಲಿನ ಕಾರ್ಬುರೇಟರ್ ಬಿಚ್ಚತೊಡಗಿದ.

ಹಾಲಿನವನು ನನ್ನ ಮುಖ ನೋಡಿದ.

ನಾನು ಎಂಜಿನ್ ಆರಿಸಿದೆ. ಕಾರ್ಖಾನೆಯ ಕೆಲಸ ಅಲ್ಲಿಗೆ ಮುಗಿಯಿತು. ಇಳಿದು ಹೋಗಿ, ಅಣ್ಣನ ಗದ್ದ ಹಿಡಿದು ನನ್ನ ಕಡೆ ತಿರುಗಿಸಿಕೊಂಡು, "ಬ್ರೇಕು" ಎಂದೆ.