ಆಟದ ಹೊತ್ತು

ಶಂಕರಮ್ಮ ಕೋಲನ್ನು ಮೊಣಕಾಲಿಗೆ ಕೊಟ್ಟು ಎರಡು ಸಲ ಒತ್ತಿದಳು, ಮುರಿಯಲಿಲ್ಲ. ಮೂರನೇ ಸಲ ಒತ್ತುವಷ್ಟರಲ್ಲಿ ಸೌಂದರ್ಯ ಬಂದು ಕಿತ್ತುಕೊಂಡಳು. ಕಾಫಿ ಗಿಡದ ಕೋಲು, ಅದೆಲ್ಲಿ ಮುರಿಯುತ್ತದೆ! ಕಲ್ಲಮ್ಮ ಅದನ್ನು ಬಿಸಿಬೂದಿಯಲ್ಲಿ ಬಾಡಿಸಿ, ಎಣ್ಣೆ ತಿಕ್ಕಿ, ಹದಿನೈದು ವರ್ಷಕ್ಕೂ ಮೇಲೆ ಕೈಬಿಡದೆ ಹಿಡಿದಿದ್ದಳು. ಆ ಕೈ ಈಗ ತೋಟದ ಶಿಶುವಿಹಾರದ ಜಗಲಿಯಲ್ಲಿ, ಬಿಳಿ ಬಟ್ಟೆಯ ಮೇಲೆ, ವಿಭೂತಿ ಹಚ್ಚಿಸಿಕೊಂಡು ತಣ್ಣಗಿತ್ತು.

“ಒಲೆಗೆ ಹಾಕ್ತಿದ್ದೆ ಕಣೆ. ನಮ್ಮಕ್ಕನ ಹೆಸ್ರು ಕೆಟ್ಟಿದ್ದೇ ಈ ಕೋಲಿಂದ.”

“ಗುಂಡಿಗೆ ಹಾಕ್ತೀನಿ ಚಿಕ್ಕಮ್ಮ. ಅಮ್ಮನ ಜೊತೆಗೇ ಹೋಗ್ಲಿ,” ಎಂದಳು ಸೌಂದರ್ಯ.

ಹೆತ್ತ ಮಗಳಲ್ಲ. ಐದು ವರ್ಷದವಳಿದ್ದಾಗಿನಿಂದ ಕಲ್ಲಮ್ಮ ಸಾಕಿದವಳು. ಈಗ ಇಪ್ಪತ್ತಾಗಿದೆ, ಅದೇ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮೊದಲ ಹಿಡಿ ಮಣ್ಣು ಅವಳೇ ಹಾಕಬೇಕೆಂದು ಹಿರಿಯರು ತೀರ್ಮಾನಿಸಿದ್ದರು.

ತೋಟದ ಕೂಲಿಯವರ ಲೈನ್ ಮನೆಗಳ ಜನವೆಲ್ಲ ಅಂಗಳದಲ್ಲಿತ್ತು. ಹೆಂಗಸರು ಅಳುತ್ತಿದ್ದರು, ಬಾಯಿಮಾತಿನ ಅಳು ಅಲ್ಲ ಅದು. ಗಂಡಸರಲ್ಲಿ ಮೂರ್ನಾಲ್ಕು ಜನ ಹಲಸಿನ ಮರದಡಿ ಬೀಡಿ ಹಚ್ಚಿ, ಒಬ್ಬ ಮುಂಗೈಯ ಹಳೇ ಗುರುತು ತೋರಿಸಿ, ಇನ್ನೊಬ್ಬ ಭುಜ ಮುಟ್ಟಿಕೊಂಡು, ಮುದುಕಿ ಕೊನೆಗೂ ಹೋದಳಲ್ಲ ಎಂದು ಒಳಗೊಳಗೇ ನಕ್ಕರು. ಮೇಸ್ತ್ರಿ ದೇವರಾಜ ಮಾತ್ರ ನಗಲಿಲ್ಲ. ಎಲ್ಲರಿಗಿಂತ ಮುಂದೆ ನಿಂತು ಚಟ್ಟಕ್ಕೆ ಬಿದಿರು ಕಡಿಸುತ್ತಿದ್ದ. ಹೆಂಡತಿ ಹೊನ್ನಮ್ಮ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಜ್ವರ, ಮಲಗಿದ್ದಾಳೆ ಎಂದ.

*

ಮೊದಲು ಕಲ್ಲಮ್ಮನೂ ಎಲ್ಲ ಆಯಾಗಳ ಹಾಗೇ ಇದ್ದಳು. ತಾಯಂದಿರು ಕಾಫಿ ಕುಯ್ಯಲು ಹೋದರೆಂದರೆ ಮಕ್ಕಳನ್ನು ಸಾಲಾಗಿ ಕೂರಿಸಿ ಅ ಆ ಇ ಈ ಒದರಿಸುವುದು. ತೋಟದ ಸಾವ್ಕಾರ್ರು ನೆಂಟರನ್ನು ಕರೆತಂದಾಗ ಒಂದೂ ತಪ್ಪಬಾರದು, ತಪ್ಪಿದರೆ ಕೋಲಿದೆ. ಗಂಜಿ ಕುಡಿದ ಮೇಲೆ ಒಂದಿಷ್ಟು ಹೊತ್ತು ಆಟ. ಆಗ ಅವಳು ಎಲೆಯಡಿಕೆ ಹಾಕಿಕೊಂಡು ತೂಕಡಿಸುತ್ತಿದ್ದಳು. ಮಕ್ಕಳ ಆಟದಲ್ಲಿ ದೊಡ್ಡವರು ನೋಡುವಂಥದ್ದು ಏನಿದೆ?

ತೊಂಬತ್ತೊಂದನೇ ಇಸವಿಯ ಕುಯ್ಲು. ಸೌಂದರ್ಯ ಬಟ್ಟೆಯ ಗೊಂಬೆಯೊಂದರ ತಲೆಯನ್ನು ಬಕೆಟ್ಟಿನ ನೀರಿಗೆ ಅದ್ದಿ ಅದ್ದಿ ತೆಗೆಯುತ್ತಿದ್ದಳು. “ಇನ್ನೊಂದ್ಸಲ ಎದುರು ಮಾತಾಡ್ತೀಯ? ಡ್ರಮ್ಮಲ್ಲಿ ಮುಳುಗ್ಸೇ ಬಿಡ್ತೀನಿ,” ಎಂದು ಗಂಡಸಿನ ದನಿ ತೆಗೆದಿದ್ದಳು. ಪಕ್ಕದ ಮಕ್ಕಳು ಹೆದರಿ ಅಳತೊಡಗಿದವು. ಕಲ್ಲಮ್ಮ ನಿದ್ದೆಗಣ್ಣಲ್ಲಿ ಎದ್ದವಳೇ ಹುಡುಗಿಯ ಮೀನಖಂಡಕ್ಕೆ ನಾಲ್ಕು ಬಿಗಿದಳು. ಈ ಹೊಲಸು ಆಟ ಎಲ್ಲಿ ಕಲಿತೆ ಎಂದು ಕೇಳುತ್ತಲೇ ಹೊಡೆದಳು, ಉತ್ತರಕ್ಕೆ ಕಾಯಲಿಲ್ಲ. ಗೊಂಬೆಯನ್ನು ಬೇಲಿಯಾಚೆ ಎಸೆದು, ಸಂಜೆಯವರೆಗೂ ಮರಳಿನಲ್ಲಿ ಅಕ್ಷರ ತಿದ್ದಿಸಿದಳು.

ಮೂರನೇ ದಿನ ಸೌಂದರ್ಯಳ ತಾಯಿ ಮನೆ ಹಿಂದಿನ ನೀರಿನ ಡ್ರಮ್ಮಿನಲ್ಲಿ ತಲೆಕೆಳಗಾಗಿ ಸಿಕ್ಕಳು. ಮೂರ್ಛೆ ಬಂದು ಬಿದ್ದಳು ಎಂದ ಗಂಡ ಮಾರಯ್ಯ. ಊರು ನಂಬಿತು. ಕಲ್ಲಮ್ಮ ಹೇಗೆ ನಂಬಬೇಕು? ಮಾರನೇ ದಿನ, ಕಾಫಿ ತೂಗುವ ಕಣದಲ್ಲಿ, ಎಲ್ಲರೆದುರು ಅವನ ಮುಂಗೈ ಮುರಿದಳು. ಬಿದ್ದವನ ದವಡೆಗೆ ಹೊಡೆದಳು. ಹಲ್ಲೆರಡು ಕಾಫಿ ಹಣ್ಣಿನ ರಾಶಿಗೆ ಬಿದ್ದವು. ಬಿಡಿಸಲು ನಾಲ್ಕು ಜನ ಬೇಕಾಯಿತು. ಘಟ್ಟ ಇಳಿದು ಹೋದ ಮಾರಯ್ಯ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಹುಡುಗಿಯ ಕಾಲಿನ ಬಾಸುಂಡೆಗೆ ಎಣ್ಣೆ ಹಚ್ಚುತ್ತ ಕಲ್ಲಮ್ಮ ಬಿಕ್ಕಿ ಬಿಕ್ಕಿ ಅತ್ತಳು. “ನೀನು ಹೇಳಿದ್ದೆ ಮಗಾ. ನಾನೇ ಹೊಡ್ದು ಬಾಯಿ ಮುಚ್ಸಿದೆ.”

ಅಲ್ಲಿಂದಾಚೆಗೆ ಕೋಲು ಮಕ್ಕಳ ಮೈ ಮುಟ್ಟಲಿಲ್ಲ. ಬೆಳಿಗ್ಗೆ ಹತ್ತರವರೆಗೆ ಅವಳು ಹೇಳಿದ್ದು: ಅಕ್ಷರ, ಹಾಡು, ಕೈಕಾಲು ತೊಳೆಯುವುದು. ಹತ್ತರಿಂದಾಚೆ ಮಕ್ಕಳು ಹೇಳಿದ್ದು. ಯಾವ ಆಟಕ್ಕೂ ಬೇಡ ಎನ್ನದೆ, ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಕೋಲು ಅಡ್ಡ ಇಟ್ಟುಕೊಂಡು ನೋಡುತ್ತಿದ್ದಳು. ಇಷ್ಟು ಆಡಿಸಿದರೆ ಕಲಿಯುವುದು ಯಾವಾಗ ಎಂದು ಸಾವ್ಕಾರ್ರು ಗದರಿದಾಗ, “ಈ ಹೊತ್ತಲ್ಲಿ ಕಲಿಯೋಳು ನಾನು ಸ್ವಾಮಿ,” ಎಂದಿದ್ದಳು. ಕೆಲವು ಸಂಜೆ ಯಾವುದಾದರೂ ಒಂದು ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಒಮ್ಮೊಮ್ಮೆ ಮಾತಿನಲ್ಲೇ ಮುಗಿಯುತ್ತಿತ್ತು, ಒಮ್ಮೊಮ್ಮೆ ಇಲ್ಲ.

*

ಚಟ್ಟ ಎದ್ದಿತು. ಜನ ಸ್ಮಶಾನದ ಗುಡ್ಡದ ದಾರಿ ಹಿಡಿದರು. ಒಳಗಿಟ್ಟಿದ್ದ ಕೋಲು ತರಲು ಸೌಂದರ್ಯ ಹಿಂದೆ ಉಳಿದಳು. ಮಕ್ಕಳನ್ನು ದೊಡ್ಡ ಹುಡುಗಿಯೊಬ್ಬಳಿಗೆ ಒಪ್ಪಿಸಿ ಬರುತ್ತೇನೆಂದು ಶಂಕರಮ್ಮನೂ ಉಳಿದಿದ್ದಳು.

ಅಡಿಗೆಕೋಣೆಯ ಹಿಂದೆ ದೇವರಾಜನ ಮಗ ದರ್ಶನ್, ನಾಲ್ಕು ವರ್ಷದವನು, ಇಟ್ಟಿಗೆ ಜೋಡಿಸಿ ಮನೆ ಕಟ್ಟಿದ್ದ. ಬಾಗಿಲಿಗೆ ಕಡ್ಡಿಯ ಅಗುಳಿ. ಮಣ್ಣಿಗೆ ಹೋಗೋ ಆಟ ಆಡೋಣ ಬಾ ಎಂದು ಜೊತೆಯ ಹುಡುಗಿ ಕೃತಿಕಾ ಕರೆಯುತ್ತಿದ್ದರೂ ಅವನಿಗೆ ಕಿವಿಯೇ ಇಲ್ಲ. ಒಳಗಿದ್ದ ಗೊಂಬೆಯ ಕುತ್ತಿಗೆಗೆ ದಾರ ಸುತ್ತಿ ಎಳೆಯುತ್ತಿದ್ದ.

“ಕೂಗು, ಎಷ್ಟು ಬೇಕಾದ್ರೂ ಕೂಗು. ಇವತ್ತು ಎಲ್ರೂ ಮಣ್ಣಿಗೆ ಹೋಗ್ತಾರೆ. ಆ ಮುದುಕೀನೂ ಇಲ್ಲ.”

ಹೆಣ ಎತ್ತುವ ಹೊತ್ತಿನಲ್ಲಿ ಎಂಥ ಅನಿಷ್ಟದ ಆಟ ಎಂದು ಶಂಕರಮ್ಮ ಕೈಯೆತ್ತಿದಳು. ಸೌಂದರ್ಯ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

“ಹೊಡೀಬೇಡಿ ಚಿಕ್ಕಮ್ಮ. ಅವ್ನು ಹೇಳ್ತಿದ್ದಾನೆ.”

ಗುಡ್ಡದ ಕಡೆ ನೋಡಿದಳು. ಚಟ್ಟದ ಮುಂದೆ ದೇವರಾಜನಿರಲಿಲ್ಲ. ಹಿಂದೆಯೂ ಇರಲಿಲ್ಲ. ಮೊದಲ ಹಿಡಿ ಮಣ್ಣು ಕಾಯಲಿ ಎಂದುಕೊಂಡು, ಸೆರಗು ಸಿಕ್ಕಿಸಿ, ಕೋಲು ಹಿಡಿದು, ಲೈನ್ ಮನೆಗಳ ಕಡೆ ಓಡಿದಳು.

ದೇವರಾಜನ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಒಳಗೆ ಪಾತ್ರೆ ಉರುಳಿದ ಸದ್ದು, ಆಮೇಲೆ ಯಾವ ಸದ್ದೂ ಇಲ್ಲ. ಸೌಂದರ್ಯ ಹಿತ್ತಲಿಗೆ ಹೋಗಿ ಗೆದ್ದಲು ತಿಂದ ಬಾಗಿಲನ್ನು ಒದ್ದು ಬೀಳಿಸಿದಳು. ದೇವರಾಜ ಹೊನ್ನಮ್ಮನ ಬೆನ್ನ ಮೇಲೆ ಮೊಣಕಾಲೂರಿ, ಅವಳದೇ ಸೆರಗನ್ನು ಕುತ್ತಿಗೆಗೆ ಸುತ್ತಿ ಹಿಂದಕ್ಕೆ ಜಗ್ಗುತ್ತಿದ್ದ. ಅವಳ ಕಾಲು ಒದ್ದಾಡುವುದನ್ನೂ ಬಿಟ್ಟಿತ್ತು.

ಸೌಂದರ್ಯ ಮೊದಲು ಮುಂಗೈಗೆ ಹೊಡೆದಳು. ಮೂಳೆ ಲಟಕ್ಕೆಂದಿತು. ತಿರುಗಿ ಎದ್ದವನು ಅವಳ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ, ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಮೊಣಕಾಲ ಚಿಪ್ಪಿಗೆ ಬೀಸಿದಳು. ಕುಸಿದ. ಕುಸಿದ ಮೇಲೂ ಹೊಡೆದಳು, ಭುಜಕ್ಕೆ, ಬೆನ್ನಿಗೆ, ಬಾಯಿಗೆ. ಹೊಡೆಯುತ್ತಿದ್ದದ್ದು ಇವನಿಗಲ್ಲ, ಹದಿನೈದು ವರ್ಷದ ಹಿಂದಿನ ಮಾರಯ್ಯನಿಗೆ. ಅವಳಿಗದು ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಲು ಮನಸ್ಸಿರಲಿಲ್ಲ.

“ಸಾಕು ಸೌಂದರ್ಯ,” ಎಂದಿತು ನೆಲದಿಂದ ಒಂದು ಗೊಗ್ಗರು ದನಿ. ಹೊನ್ನಮ್ಮ ಕೆಮ್ಮುತ್ತ ಎದ್ದು ಕೂತಿದ್ದಳು. “ಉಸ್ರು ಬಂತು ನಂಗೆ. ಸಾಕು.”

ಗುಂಡಿಯ ಸುತ್ತ ಜನ ಕಾಯುತ್ತಲೇ ಇದ್ದರು. ಎದ್ದೇಳಲಾಗದ ದೇವರಾಜನನ್ನು ಮನೆಯಲ್ಲೇ ಬಿಟ್ಟು, ಹೊನ್ನಮ್ಮನನ್ನು ತೋಳಿನಲ್ಲಿ ಆತುಕೊಂಡು ಸೌಂದರ್ಯ ಬಂದದ್ದನ್ನು ಕಂಡು ಬೀಡಿ ಗುಂಪಿನವರು ತಲೆ ತಗ್ಗಿಸಿದರು. ಶಂಕರಮ್ಮ ಅವಳ ಹಣೆ ನೋಡಿದಳು, ಕೋಲಿನ ತುದಿ ನೋಡಿದಳು. ಗುಂಡಿಗೆ ಹಾಕು ಎನ್ನಲಿಲ್ಲ. ಸೌಂದರ್ಯ ಬಲಗೈಯ ಕೋಲು ಬಿಡದೆ ಎಡಗೈಯಲ್ಲಿ ಮಣ್ಣು ಹಾಕಿದಳು.

ಸಂಜೆ ಶಿಶುವಿಹಾರಕ್ಕೆ ಮರಳಿದಾಗ ಮಕ್ಕಳು ಇನ್ನೂ ಹಿಂದುಗಡೆಯೇ ಇದ್ದವು. ಹೊನ್ನಮ್ಮ ಮಗನ ಹತ್ತಿರ ಹೋಗಿ ಕೂತಳು. ಸೌಂದರ್ಯ ಕಲ್ಲಮ್ಮನ ಸ್ಟೂಲು ತಂದು ಹಾಕಿಕೊಂಡು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ದರ್ಶನ್ ತಾಯಿಯ ಕುತ್ತಿಗೆಯ ಕೆಂಪು ಬರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೊಂಬೆಯ ದಾರ ಬಿಚ್ಚಿ, ಅದನ್ನು ಇಟ್ಟಿಗೆ ಮನೆಯೊಳಗೆ ಮಲಗಿಸಿದ. ಬಾಗಿಲ ಅಗುಳಿ ಕಡ್ಡಿಯನ್ನು ಕಿತ್ತು ಕೈಯಲ್ಲಿ ಹಿಡಿದು ಸುತ್ತ ಹುಡುಕಿದ. ಇಟ್ಟಿಗೆಯ ಚೂರೊಂದು ಸಿಕ್ಕಿತು. ಅದನ್ನು ಬಾಗಿಲ ಹೊರಗೆ ನೆಟ್ಟಗೆ ಕೂರಿಸಿ, ಆ ಕಡ್ಡಿಯನ್ನು ಅದರ ಮೇಲೆ ಅಡ್ಡ ಇಟ್ಟ.